ವಯಸ್ಸಾದವರಿಗೆ ಸರ್ಕಾರದ ಪ್ಲಾನ್ ಏನಿದೆ? – ಹಿರಿಯ ನಾಗರಿಕರ ಇಲಾಖೆಯಿಂದ ರಿಟೈರ್ ಆದ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ರಿಗೂ ನಮಸ್ಕಾರ. ಈ ವಾರ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೇಲಿ ಜಿಲ್ಲಾ ಮಟ್ಟದಲ್ಲಿ ಕೆಲ್ಸ ಮಾಡಿ ರಿಟೈರ್ ಆಗಿರೋ ಮೇಡಂ ನಮ್ಮ ಜೊತೆ ಇದ್ದಾರೆ. ಅಪ್ಪ ಅಮ್ಮ ಅತ್ತೆ ಮಾವ ಯಾರ ವಿಷ್ಯ ಆದ್ರೂ ಕೇಳಿ, ಆಧಾರ್ ನಂಬರು, ಪಾಸ್‌ಬುಕ್ ಫೋಟೋ ಮಾತ್ರ ಗ್ರೂಪಲ್ಲಿ ಹಾಕ್ಬೇಡಿ ದಯವಿಟ್ಟು.

ಪ್ರಶ್ನೆ (ಚನ್ನರಾಯಪಟ್ಟಣ ಕಡೆಯವರು): ಮೇಡಂ, ಊರಲ್ಲಿ ನಮ್ಮಮ್ಮ ಒಬ್ರೇ ಇರೋದು, 74 ವರ್ಷ. ಸಂಧ್ಯಾ ಸುರಕ್ಷಾ ಪಿಂಚಣಿ 1,200 ಬರ್ತಿತ್ತು, ಕೆಲವು ತಿಂಗ್ಳಿಂದ ನಿಂತೋಗಿದೆ. ನಾನು ಬೆಂಗ್ಳೂರಲ್ಲಿ ಗಾರ್ಮೆಂಟ್ಸಲ್ಲಿ ಇರೋದು, ರಜಾ ಹಾಕಿ ಹೋಗಿ ಬ್ಯಾಂಕಲ್ಲಿ ಕೇಳಿದ್ರೆ ನಾಡಕಚೇರಿಗೆ ಹೋಗಿ ಅಂತಾರೆ, ಅಲ್ಲಿ ಹೋದ್ರೆ ಬ್ಯಾಂಕಲ್ಲೇ ಕೇಳಿ ಅಂತಾರೆ.

ಉತ್ತರ: ಇತ್ತೀಚೆಗೆ ಅಮ್ಮನ ಹೆಸ್ರಲ್ಲಿ ಬೇರೆ ಬ್ಯಾಂಕಲ್ಲಿ ಖಾತೆ ಏನಾದ್ರೂ ತೆಗೆಸಿದ್ರಾ, ಗೃಹಲಕ್ಷ್ಮಿಗೆ ಅಂತನೋ ಸಂಘದ ಸಾಲಕ್ಕೆ ಅಂತನೋ? ಆಧಾರ್ ಮೇಲೆ ಹಾಕೋ ದುಡ್ಡು ಕೊನೇಲಿ ಯಾವ ಖಾತೆಗೆ ಆಧಾರ್ ಮ್ಯಾಪ್ ಆಗಿರುತ್ತೋ ಅಲ್ಲಿಗೇ ಹೋಗೋದು, ಹಳೇ ಪಾಸ್‌ಬುಕ್ ಹಿಡ್ಕೊಂಡು ದುಡ್ಡೇ ಬಂದಿಲ್ಲ ಅಂತ ಅಳೋರನ್ನ ನಾನು ತುಂಬಾ ನೋಡಿದೀನಿ, ದುಡ್ಡು ಇನ್ನೊಂದು ಖಾತೇಲಿ ಸುಮ್ನೆ ಕೂತಿರುತ್ತೆ. ಅದಕ್ಕೇ ಮೊದ್ಲು ಬ್ಯಾಂಕಲ್ಲಿ "ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗಿದೆ" ಅಂತ ಇಷ್ಟೇ ಕೇಳಿ, ಆಧಾರ್ ಯಾವ ಖಾತೆಗೆ ಜೋಡಿಸಿದೆ ಅನ್ನೋದೇ ಅದು. ಅದು ಸರಿ ಇದ್ರೆ ಮಂಜೂರಾತಿ ಆದೇಶದ ಕಾಪಿ ತಗೊಂಡು ನಾಡಕಚೇರಿಗೆ ಹೋಗಿ, ಯಾಕೆ ನಿಲ್ಸಿದ್ದಾರೆ ಅನ್ನೋ ಕಾರಣ ಬರವಣಿಗೇಲಿ ಕೊಡಿ ಅಂತ ಅರ್ಜಿ ಹಾಕಿ. ಊರಲ್ಲಿಲ್ಲ ಅಂತನೋ, ತೀರ್ಕೊಂಡಿದ್ದಾರೆ ಅಂತನೋ ತಪ್ಪಾಗಿ ರಿಪೋರ್ಟ್ ಹೋಗಿರೋ ಕೇಸುಗಳೂ ಇರ್ತವೆ. ಹೋಬಳೀಲಿ ಪಿಂಚಣಿ ಅದಾಲತ್ ನಡೆದ್ರೆ ಅಮ್ಮನ್ನ ಕರ್ಕೊಂಡೇ ಹೋಗಿ, ತಹಶೀಲ್ದಾರರು ಎದುರಿಗಿದ್ದಾಗ ಕೆಲ್ಸ ಬೇಗ ಆಗುತ್ತೆ.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ಮೇಡಂ, ನಮ್ಮತ್ತೆಗೆ ಸ್ಟ್ರೋಕ್ ಆಗಿ ಮಲಗಿದಲ್ಲೇ ಇದ್ದಾರೆ. ಸ್ನಾನ, ಬಟ್ಟೆ ಬದಲಾಯ್ಸೋದು, ಮಗ್ಗುಲು ತಿರುಗ್ಸೋದು ಎಲ್ಲಾ ನಾನೇ. ನಾನು ಗೆಸ್ಟ್ ಟೀಚರ್ ಆಗಿದ್ದೆ, ಬಿಟ್ಟೆ. ಯಜಮಾನ್ರು ತೋಟ ನೋಡ್ಕೋತಾರೆ. ದುಡ್ಡು ಬೇಕು ಅಂತಲ್ಲ ಮೇಡಂ, ವಾರಕ್ಕೆ ಒಂದೆರಡು ದಿನ ಯಾರಾದ್ರೂ ಬಂದು ಕೈ ಕೊಟ್ರೆ ಸಾಕು. ಸರ್ಕಾರದಿಂದ ಅಂಥದ್ದೇನಾದ್ರೂ ಇದ್ಯಾ?

ಉತ್ತರ: ನೀವು ಕೇಳಿದ್ದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ವಾರಕ್ಕೆರಡು ದಿನ ಮನೆಗೆ ಬಂದು ಸ್ನಾನ ಮಾಡ್ಸಿ ಹೋಗೋರನ್ನ ಕಳ್ಸೋ ಸರ್ಕಾರಿ ವ್ಯವಸ್ಥೆ ನಿಮ್ಮಂಥ ಹಳ್ಳಿ ಮನೆಗೆ ಇವತ್ತಿಗೂ ಇಲ್ಲ. ಇದ್ದಿದ್ರಲ್ಲಿ ಏನು ಸಿಗುತ್ತೆ ಹೇಳ್ತೀನಿ. 2010ರಿಂದ ವೃದ್ಧರ ಆರೋಗ್ಯಕ್ಕೇ ಅಂತ ಒಂದು ರಾಷ್ಟ್ರೀಯ ಕಾರ್ಯಕ್ರಮ ಇದೆ, ಜಿಲ್ಲಾಸ್ಪತ್ರೇಲಿ ವೃದ್ಧರಿಗೆ 10 ಬೆಡ್ಡಿನ ವಾರ್ಡ್ ಅದರಿಂದಲೇ ಬಂದಿದ್ದು, ಅದರ ಗೈಡ್‌ಲೈನ್ಸಲ್ಲಿ ಹಾಸಿಗೆ ಹಿಡಿದ ವೃದ್ಧರ ಮನೆಗೆ ಆರೋಗ್ಯ ಕಾರ್ಯಕರ್ತೆ ಹೋಗ್ಬೇಕು, ನೋಡ್ಕೊಳ್ಳೋರಿಗೆ ಹೆಂಗೆ ನೋಡ್ಕೋಬೇಕು ಅಂತ ಹೇಳ್ಕೊಡ್ಬೇಕು ಅಂತ ಸ್ಪಷ್ಟವಾಗಿ ಬರೆದಿದೆ. ಹಾಗಾಗಿ ನಿಮ್ಮ ಪಿಎಚ್‌ಸಿ ಡಾಕ್ಟ್ರಿಗೆ ಬರವಣಿಗೇಲಿ ಕೇಳಿ, ಆಶಾ ಕಾರ್ಯಕರ್ತೆ ಹತ್ರ ಬಾಯಲ್ಲಿ ಹೇಳಿ ಸುಮ್ನಾಗ್ಬೇಡಿ, ಆ ಹೆಣ್ಮಗಳ ಮೇಲೆ ಈಗಾಗ್ಲೇ ಹತ್ತು ಕೆಲ್ಸ ಇರುತ್ತೆ.

ಇನ್ನೊಂದು, ಬಹಳ ಜನಕ್ಕೆ ಗೊತ್ತಿರಲ್ಲ. ಸ್ಟ್ರೋಕಿಂದ ಕೈಕಾಲು ಬಿದ್ದೋಗಿದ್ರೆ ನಿಮ್ಮತ್ತೆಯವರು ವಿಕಲಚೇತನರೂ ಹೌದು, ಯುಡಿಐಡಿ ಕಾರ್ಡ್, ಅಂದ್ರೆ ವಿಕಲಚೇತನರ ಗುರುತಿನ ಚೀಟಿ ಮಾಡ್ಸಿ. ಪ್ರತಿ ಗ್ರಾಮ ಪಂಚಾಯ್ತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ವಿಆರ್‌ಡಬ್ಲ್ಯೂ ಅಂತಾರೆ, ಅರ್ಜಿ ಅವರೇ ಹಾಕ್ಸಿಕೊಡ್ತಾರೆ. ಪಂಚಾಯ್ತಿ ತನ್ನ ಸ್ವಂತ ಆದಾಯದಲ್ಲಿ 5% ವಿಕಲಚೇತನರಿಗೆ ಅಂತ ಇಡ್ಬೇಕು, ವೀಲ್‌ಚೇರು, ವಾಟರ್‌ಬೆಡ್ಡು ಅದರಲ್ಲಿ ಕೇಳಬಹುದು. ಪಿಂಚಣಿ ಮಾತ್ರ ವೃದ್ಧಾಪ್ಯದ್ದು, ವಿಕಲಚೇತನರದ್ದು ಎರಡು ಒಟ್ಟಿಗೆ ಬರಲ್ಲ, ಯಾವುದಾದ್ರೂ ಒಂದೇ. ಮತ್ತೆ ಮಗ್ಗುಲು ತಿರುಗ್ಸೋದು ಎರಡು ಗಂಟೆಗೊಂದ್ಸಲ ತಪ್ಪಿಸ್ಬೇಡಿ, ಬೆನ್ನಲ್ಲಿ ಹುಣ್ಣು ಆದ್ರೆ ಆಮೇಲೆ ನಿಮ್ಗೂ ಅವರಿಗೂ ಬಹಳ ಕಷ್ಟ. ರಾತ್ರಿ ಸರದಿ ಯಜಮಾನ್ರಿಗೆ ಕೊಡಿ, ನೀವು ಕಾಯಿಲೆ ಬಿದ್ರೆ ಆ ಮನೇಲಿ ಇಬ್ರು ಮಲಗ್ತೀರಿ.

ಪ್ರಶ್ನೆ (ಧಾರವಾಡ ಕಡೆಯವರು): ನಮಸ್ಕಾರ್ರೀ ಮೇಡಂ. ನಮ್ಮ ಕಾಕಾ ಮನಿ, ಹೊಲ ಎರಡೂ ಮಗನ ಹೆಸರಿಗೆ ಗಿಫ್ಟ್ ಡೀಡ್ ಮಾಡಿ ಕೊಟ್ಟಾರ್ರೀ. ಈಗ ಆ ಮಗ ಊಟ ಆತಾ ಅಂತ ಸೈತ ಕೇಳವಲ್ಲ. ವಾಪಸ್ ತಗೊಳ್ಳಾಕ ಬರ್ತದೇನ್ರೀ? ವಕೀಲರಿಗೆ ಕೊಡಾಕ ರೊಕ್ಕ ಇಲ್ರೀ.

ಉತ್ತರ: 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ಕೆಳಗೆ ಎಸಿ ಕಚೇರಿಗೆ ಅರ್ಜಿ ಕೊಡ್ಲಿ, ಉಪವಿಭಾಗಾಧಿಕಾರಿಯವರೇ ಆ ನ್ಯಾಯಮಂಡಳಿ ಅಧ್ಯಕ್ಷರು. ವಕೀಲರು ಬೇಕೇ ಬೇಕು ಅಂತಿಲ್ಲ, ಕಾಕಾನೇ ಬರೆದು ಕೊಡಬಹುದು, ಇಲ್ಲ ಅವರು ಒಪ್ಪಿಗೆ ಕೊಟ್ರೆ ನೀವೂ ಕೊಡಬಹುದು. ಜೀವನಾಂಶದ ಅರ್ಜಿ ನೋಟಿಸ್ ಕೊಟ್ಟ 90 ದಿನದೊಳಗೆ ಮುಗೀಬೇಕು, ಮತ್ತೆ 30 ದಿನ ಒಂದ್ಸಲ ಮುಂದೆ ಹಾಕೋಕೆ ಅವಕಾಶ ಇದೆ. ತಿಂಗಳಿಗೆ 10,000 ವರೆಗೆ ಕೊಡ್ಸಬಹುದು. ಆ ಮಿತಿ ತೆಗೀಬೇಕು ಅಂತ 2019ರಲ್ಲಿ ಲೋಕಸಭೇಲಿ ತಿದ್ದುಪಡಿ ಮಸೂದೆ ಬಂದಿತ್ತು, ಪಾಸಾಗ್ಲಿಲ್ಲ. ಆಗಿನ 10,000ಕ್ಕೂ ಈಗಿನ 10,000ಕ್ಕೂ ಎಷ್ಟು ವ್ಯತ್ಯಾಸ ಅಂತ ಮೆಡಿಕಲ್ ಶಾಪಿಗೆ ಹೋಗೋ ಯಾರನ್ನಾದ್ರೂ ಕೇಳಿ.

ಆಸ್ತಿ ವಾಪಸ್ ವಿಷ್ಯಕ್ಕೆ 23ನೇ ಸೆಕ್ಷನ್. ಡೀಡಲ್ಲಿ "ನನ್ನನ್ನು ನೋಡ್ಕೋಬೇಕು" ಅನ್ನೋ ಷರತ್ತು ಇದ್ಯಾ ಮೊದ್ಲು ನೋಡಿ. ಅಂಥ ಷರತ್ತು ತೋರಿಸ್ಬೇಕಾಗುತ್ತೆ ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ, 2025ರ ಜನವರೀಲಿ ಇನ್ನೊಂದು ಕೇಸಲ್ಲಿ ಮಗ ಬೇರೆ ಪತ್ರದಲ್ಲಿ ಬರೆದುಕೊಟ್ಟಿದ್ದ ಮಾತನ್ನೂ ಲೆಕ್ಕಕ್ಕೆ ತಗೊಂಡು ತಾಯಿ ಪರ ತೀರ್ಪು ಕೊಟ್ಟಿದೆ. ಅದಕ್ಕೇ ಬೇರೆ ಪತ್ರ, ಮೆಸೇಜು, ಸಾಕ್ಷಿ ಏನಿದ್ರೂ ಇಟ್ಕೊಳ್ಳಿ. ಇನ್ನೂ ಬರೆದುಕೊಡದೇ ಇರೋ ಹಿರಿಯರಿಗೆ ನನ್ನ ಮಾತು ಒಂದೇ, ವಿಲ್ ಬರೀರಿ, ಬದುಕಿರೋವರೆಗೂ ಅದನ್ನ ಬದಲಾಯ್ಸಬಹುದು. ಗಿಫ್ಟ್ ಕೊಡಲೇಬೇಕು ಅಂದ್ರೆ ಷರತ್ತು ಹಾಕ್ಸಿ ಕೊಡಿ. ಸದ್ಯಕ್ಕೆ ಕಾಕಾಗೆ ಊಟಕ್ಕೇ ತೊಂದ್ರೆ ಅಂದ್ರೆ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ.

ಪ್ರಶ್ನೆ (ಮೈಸೂರು, ರಿಟೈರ್ಡ್ ಲೆಕ್ಚರರ್): ಮೇಡಂ, ಅಲ್ಲೊಂದು ಪಿಂಚಣಿ, ಇಲ್ಲೊಂದು ಕಾರ್ಡು. ಒಟ್ಟಾರೆ ಇನ್ನು ಇಪ್ಪತ್ತು ವರ್ಷಕ್ಕೆ ಹಿಂಗೆ ಅಂತ ಸರ್ಕಾರಕ್ಕೆ ಒಂದು ಪ್ಲಾನ್ ಇದ್ಯಾ? ಜಪಾನಲ್ಲಿ ಎಲ್ಲಾ ಸರ್ಕಾರನೇ ನೋಡ್ಕೊಳ್ಳುತ್ತೆ ಅಂತಾರಲ್ಲ?

ಉತ್ತರ: ಸರ್, ಕಾಗದದ ಮೇಲೆ ನೀತಿ ಇದೆ. ಕೇಂದ್ರದ್ದು 1999ರಲ್ಲಿ ಬಂತು, ನಮ್ಮ ರಾಜ್ಯದ್ದು 2003ರಲ್ಲಿ. ಆದ್ರೆ ಪ್ಲಾನ್ ಅಂದ್ರೆ ಮೊದ್ಲು ಎಣಿಕೆ ಬೇಕಲ್ವಾ? 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ 60 ದಾಟಿದವರು ನೂರಕ್ಕೆ 9.5. ಕೇಂದ್ರದ ಅಂದಾಜಲ್ಲಿ 2031ಕ್ಕೆ ಅದು ನೂರಕ್ಕೆ 15 ಆಗುತ್ತೆ. ಮುಂದಿನ ಜನಗಣತಿ 2027ಕ್ಕೆ. ಅಂದ್ರೆ ಯಾವ ಹಳ್ಳೀಲಿ ಎಷ್ಟು ಜನ ಒಂಟಿಯಾಗಿದ್ದಾರೆ ಅನ್ನೋದಕ್ಕೆ ಇವತ್ತಿಗೂ 2011ರ ಪುಸ್ತಕನೇ ಗತಿ, ಆ ಪುಸ್ತಕದಲ್ಲಿ 50 ವರ್ಷದವರು ಅಂತ ಇದ್ದೋರು ಈಗ ಪಿಂಚಣಿ ಅರ್ಜಿ ಹಾಕ್ತಿದ್ದಾರೆ. ಕರಾವಳಿ, ಹಾಸನ, ಮಂಡ್ಯ ಕಡೆ ವಯಸ್ಸಾದವರ ಪಾಲು ಜಾಸ್ತಿ, ಯಾದಗಿರಿ, ರಾಯಚೂರು ಕಡೆ ಮಕ್ಕಳ ಪಾಲು ಜಾಸ್ತಿ. ಎಲ್ಲಾ ಜಿಲ್ಲೆಗೂ ಒಂದೇ ಅಳತೆ ಅಂಗಿ ಹೊಲಿದ್ರೆ ಹೆಂಗೆ ಸರ್?

ಪಿಂಚಣೀನೇ ನೋಡಿ. 60 ರಿಂದ 79ರವರೆಗಿನ ವೃದ್ಧಾಪ್ಯ ವೇತನಕ್ಕೆ ಕೇಂದ್ರ ಕೊಡೋದು ತಿಂಗಳಿಗೆ 200 ರೂಪಾಯಿ, 2006ರಲ್ಲಿ ನಿಗದಿ ಆಗಿದ್ದು, ಇವತ್ತಿಗೂ ಅಷ್ಟೇ. 80 ದಾಟಿದ್ರೆ 500, ಅದು 2011ರದ್ದು. ಮಿಕ್ಕಿದ್ದು ರಾಜ್ಯ ಸೇರಿಸಿ ಕೊಡುತ್ತೆ. ನನ್ನ ಸರ್ವೀಸ್ ಪೂರ್ತಿ ಅರ್ಜಿ, ಮಂಜೂರಾತಿ, ಶಿಬಿರ ಇದರಲ್ಲೇ ಹೋಯ್ತು, ಅದು ಬೇಕೇ ಬೇಕು, 1,200 ರೂಪಾಯಿ ಬಂದ ದಿನ ಅಜ್ಜಿ ತನ್ನ ಮಾತ್ರೆ ತಾನೇ ತಗೊಳ್ಳುತ್ತೆ, ಮೊಮ್ಮಗನ ಕೈಗೆ ಹತ್ತು ರೂಪಾಯಿ ಇಡುತ್ತೆ, ಆ ಮರ್ಯಾದೆ ಸಣ್ಣದಲ್ಲ. ಆದ್ರೆ ತೀರ್ಥಹಳ್ಳಿ ಅಮ್ಮ ಮೇಲೆ ಕೇಳಿದ್ರಲ್ಲ, ಅವರಿಗೆ ಬೇಕಾಗಿರೋದು ಒಬ್ಬ ಮನುಷ್ಯ. ಆ ಲೆಕ್ಕ ನಮ್ಮ ಪ್ಲಾನಲ್ಲೇ ಇಲ್ಲ, ಎಲ್ಲಾನೂ ಸೊಸೆ, ಮಗಳು ಮಾಡ್ತಾರೆ ಅಂತ ಸುಮ್ನೆ ಅಂದ್ಕೊಂಡಿದೀವಿ. ನಮ್ಮ ರಾಜ್ಯದಲ್ಲಿ ಒಬ್ಬ ತಾಯಿಗೆ ಸರಾಸರಿ ಎರಡು ಮಕ್ಕಳೂ ಇಲ್ಲ ಈಗ, 2019-21ರ ಕುಟುಂಬ ಆರೋಗ್ಯ ಸಮೀಕ್ಷೇಲಿ 1.7. ಸೊಸೆ ಎಲ್ಲಿಂದ ಬರ್ಬೇಕು, ಬಂದ್ರೂ ಅವಳು ಕೆಲ್ಸ ಯಾಕೆ ಬಿಡ್ಬೇಕು?

ಜಪಾನಲ್ಲೂ ಪೂರ್ತಿ ಸರ್ಕಾರನೇ ಅಲ್ಲ ಸರ್. 2000ದಲ್ಲಿ ಅವರು ಆರೈಕೆಗೇ ಅಂತ ವಿಮೆ ತಂದ್ರು. 40 ವರ್ಷ ಆದ ಎಲ್ರೂ ಕಂತು ಕಟ್ಟಬೇಕು, ಅರ್ಧ ಖರ್ಚು ಆ ಕಂತಿಂದ, ಅರ್ಧ ತೆರಿಗೆಯಿಂದ, ಜೊತೆಗೆ ಸೇವೆ ತಗೊಳ್ಳೋರೂ ಒಂದು ಪಾಲು ಕೊಡ್ಬೇಕು. ಯಾರಿಗೆ ಎಷ್ಟು ಸಹಾಯ ಬೇಕು ಅಂತ ಪರೀಕ್ಷೆ ಮಾಡಿ 7 ಹಂತ ಮಾಡಿದ್ದಾರೆ, ಹಂತದ ಪ್ರಕಾರ ಮನೆಗೆ ಸಹಾಯಕರು ಬರ್ತಾರೆ. ನಮ್ಮಲ್ಲಿ ಸಂಬಳದ ಸ್ಲಿಪ್ಪೇ ಇಲ್ಲದ ಕೂಲಿ ಜನ ಜಾಸ್ತಿ, ಕಂತು ವಸೂಲಿ ಅಷ್ಟು ಸುಲಭ ಅಲ್ಲ. ನನಗೆ ಹತ್ರ ಅನ್ಸೋದು ಪಕ್ಕದ ಕೇರಳ. ಅವರು 2008ರಲ್ಲೇ ಉಪಶಮನ ಆರೈಕೆಗೆ, ಅಂದ್ರೆ ವಾಸಿಯಾಗದ ಕಾಯಿಲೆಯವರ ನೋವು ಕಮ್ಮಿ ಮಾಡೋ ಆರೈಕೆಗೆ, ನೀತಿ ಮಾಡಿ, ಪಂಚಾಯ್ತಿ ಕಡೆಯಿಂದಲೇ ನರ್ಸ್ ಮನೆಮನೆಗೆ ಹೋಗೋ ಹಂಗೆ ಮಾಡ್ಕೊಂಡ್ರು, ಊರಿನ ಸ್ವಯಂಸೇವಕರು ಜೊತೆಗೆ ಹೋಗ್ತಾರೆ. ನಮ್ಮಲ್ಲಿ ಪಂಚಾಯ್ತಿ ಇದೆ, ವಿಆರ್‌ಡಬ್ಲ್ಯೂ ಇದ್ದಾರೆ, ಆಶಾ ಇದ್ದಾರೆ, ಸ್ತ್ರೀಶಕ್ತಿ ಸಂಘಗಳಿವೆ. ಇವರಲ್ಲೇ ಕೆಲವರಿಗೆ ಟ್ರೈನಿಂಗ್ ಕೊಟ್ಟು, ಸರಿಯಾದ ಸಂಬಳ ಕೊಟ್ಟು, ಆರೈಕೆ ಸಹಾಯಕಿ ಅಂತ ಪಂಚಾಯ್ತಿಗೆ ಇಬ್ರನ್ನ ನೇಮಿಸ್ಲಿ ಅಂತ ನಾನು ಸರ್ವೀಸಲ್ಲಿದ್ದಾಗ್ಲೂ ಮೀಟಿಂಗಲ್ಲಿ ಹೇಳ್ತಿದ್ದೆ, ಈಗ್ಲೂ ಹೇಳ್ತೀನಿ. ಸಂಬಳ ಅನ್ನೋದನ್ನ ಒತ್ತಿ ಹೇಳ್ತೀನಿ, ಮತ್ತೆ ಹೆಣ್ಮಕ್ಕಳ ಬಿಟ್ಟಿ ಚಾಕರಿ ಮೇಲೆ ಯೋಜನೆ ಕಟ್ಟೋದು ಬೇಡ.

ಪ್ರಶ್ನೆ (ತೀರ್ಥಹಳ್ಳಿ ಕಡೆಯವರು): ಮೇಡಂ ಓದಿ ಕಣ್ಣಲ್ಲಿ ನೀರು ಬಂತು. ನಮ್ಮ ಪಂಚಾಯ್ತೀಲಿ ಇದನ್ನ ಹೆಂಗೆ ಕೇಳೋದು? ಗ್ರಾಮ ಸಭೆಗೆ ಹೋದ್ರೆ ರಸ್ತೆ, ಚರಂಡಿ ಮಾತೇ ಆಗೋದು.

ಉತ್ತರ: ಗ್ರಾಮ ಪಂಚಾಯ್ತಿ ಅಭಿವೃದ್ಧಿ ಯೋಜನೆ ಅಂತ ವರ್ಷಾ ವರ್ಷ ಮಾಡ್ತಾರೆ, ಅದರ ಪ್ರಕ್ರಿಯೆ ಸಾಮಾನ್ಯವಾಗಿ ಗಾಂಧಿ ಜಯಂತಿ ಹೊತ್ತಿಗೆ ಶುರುವಾಗುತ್ತೆ. ಅದಕ್ಕಿಂತ ಮುಂಚೆ ವಾರ್ಡ್ ಸಭೇಲೇ ವಿಷ್ಯ ಎತ್ತಿ. ಬರಿಗೈಲಿ ಹೋಗ್ಬೇಡಿ, ನಿಮ್ಮ ವಾರ್ಡಲ್ಲಿ ಹಾಸಿಗೆ ಹಿಡಿದವರು ಎಷ್ಟು ಜನ, ಒಂಟಿಯಾಗಿ ಇರೋ ವೃದ್ಧರು ಎಷ್ಟು ಜನ, ಪಿಂಚಣಿ ಬರ್ತಿದ್ಯಾ, ನೋಡ್ಕೊಳ್ಳೋರು ಯಾರು, ಏನು ಬೇಕು, ಇಷ್ಟು ಒಂದು ಹಾಳೇಲಿ ಬರ್ಕೊಂಡು ಹೋಗಿ, ಯಾರ ಹೆಸರು ಬರೆದ್ರೂ ಅವರನ್ನ ಕೇಳಿಯೇ ಬರೀರಿ. ಪಿಡಿಒ ಕೈಗೆ ಒಂದು ಕಾಪಿ, ಇನ್ನೊಂದರ ಮೇಲೆ ಸೀಲು ಹಾಕ್ಸಿ ನಿಮ್ಮತ್ರ ಇಟ್ಕೊಳ್ಳಿ. ನಡಾವಳಿ ಪುಸ್ತಕದಲ್ಲಿ ಬರೆದ್ರಾ ಅಂತ ಸಭೆ ಮುಗಿಯೋ ಮುಂಚೆ ಎದ್ದು ನಿಂತು ಕೇಳಿ, ಪಕ್ಕದ ಮನೆಯವರನ್ನೂ ಕರ್ಕೊಂಡು ಹೋಗಿ, ಒಬ್ಬರೇ ಕೇಳಿದ್ರೆ ಅದು ನಿಮ್ಮ ಮನೆ ಸಮಸ್ಯೆ ಅಂತ ಬಿಟ್ಬಿಡ್ತಾರೆ. ಆ ಹೊತ್ತಲ್ಲಿ ಅತ್ತೆ ಹತ್ರ ಯಾರಿರ್ತಾರೆ ಅನ್ನೋದನ್ನ ಮೊದ್ಲೇ ಯಜಮಾನ್ರ ಹತ್ರ ಮಾತಾಡ್ಕೊಳ್ಳಿ. ಹಾಳೆ ಬರೆದಾದ್ಮೇಲೆ ಹೆಸರುಗಳನ್ನ ಮುಚ್ಚಿ ಫೋಟೋ ಕಳ್ಸಿ, ಏನಾದ್ರೂ ಬಿಟ್ಟೋಗಿದ್ರೆ ಹೇಳ್ತೀನಿ.