ಮುತ್ತಜ್ಜಿಯ ಮದುವೆ ಯಾವ ಇಗರ್ಜಿಯಲ್ಲಿ ಆಯಿತು?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಂಕಣಿ ಕ್ಯಾಥೊಲಿಕ್ ಕುಟುಂಬ, ಈಗ ಬೆಂಗಳೂರಿನಲ್ಲಿದ್ದೇವೆ. ಮುತ್ತಜ್ಜನ ಹೆಸರು ಬಸ್ತ್ಯಾಂವ್, ಮುತ್ತಜ್ಜಿ ನಾತಾಲ್. ಮೂಲ ಬೆಳ್ತಂಗಡಿ ಕಡೆ ಅಂತ ಹೇಳುತ್ತಾರೆ. ಮದುವೆಯಾದ ಮೇಲೆ ಚಾರ್ಮಾಡಿ ಘಾಟಿ ಹತ್ತಿ ಚಿಕ್ಕಮಗಳೂರಿನ ಕಾಫಿ ತೋಟಕ್ಕೆ ಕೆಲಸಕ್ಕೆ ಹೋದರಂತೆ, ಅಜ್ಜ ಅಲ್ಲೇ 1931ರಲ್ಲಿ ಹುಟ್ಟಿದ್ದು. ಅವರಿಬ್ಬರ ಮದುವೆ ಯಾವ ಇಗರ್ಜಿಯಲ್ಲಿ ಆಯಿತು ಅಂತ ತಿಳಿಯಬೇಕು. ನಮ್ಮ ಹಳೆ ಮನೆಗೆ ಹತ್ತಿರದ ಇಗರ್ಜಿಗೆ ಫೋನ್ ಮಾಡಿದೆ. ಅಷ್ಟು ಹಳೆಯ ಪುಸ್ತಕ ನಮ್ಮಲ್ಲಿಲ್ಲ ಅಂದು ಇಟ್ಟುಬಿಟ್ಟರು. ಈಗ ಬೆಳ್ತಂಗಡಿ ಧರ್ಮಪ್ರಾಂತ್ಯಕ್ಕೆ (ಬಿಷಪ್ ಕಚೇರಿಗೆ) ಪತ್ರ ಬರೆಯಲೇ? ನಿಮ್ಮಂಥ ದಾಖಲೆ ಹುಡುಕುವವರು ಎಲ್ಲಿಂದ ಶುರು ಮಾಡುತ್ತೀರಿ, ಸರ್?

ಉತ್ತರ:

ಮೊದಲು ಆ ಪತ್ರ ನಿಲ್ಲಿಸಿ. ಬೆಳ್ತಂಗಡಿ ಧರ್ಮಪ್ರಾಂತ್ಯ ಆದದ್ದು 1999ರಲ್ಲಿ, ಅದು ಕೇರಳದಿಂದ ಬಂದು ನೆಲೆಸಿದ, ಬೇರೆ ಪೂಜಾಪದ್ಧತಿಯ ಸೀರೋ ಮಲಬಾರ್ ಕ್ಯಾಥೊಲಿಕರದ್ದು. ನಿಮ್ಮವರು ಲ್ಯಾಟಿನ್ ಪದ್ಧತಿಯವರು, ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದವರು. ಈ ತಪ್ಪು ಮಾಡಿ ಮೂರು ತಿಂಗಳು ಉತ್ತರಕ್ಕೆ ಕಾದವರನ್ನು ನಾನೇ ನೋಡಿದ್ದೇನೆ.

ಇಗರ್ಜಿಯವರು ಇಲ್ಲ ಅಂದಿದ್ದರಲ್ಲಿ ಸುಳ್ಳೇನೂ ಇರಲಿಕ್ಕಿಲ್ಲ. ನೀವು ಫೋನ್ ಮಾಡಿದ್ದು ಇವತ್ತಿನ ಹತ್ತಿರದ ಇಗರ್ಜಿಗೆ. ಅದು 1920ರ ದಶಕದಲ್ಲಿ ಇತ್ತಾ? ನಮ್ಮ ಕಡೆ ಜನ ಹೆಚ್ಚಾದ ಹಾಗೆ ದೊಡ್ಡ ಧರ್ಮಕೇಂದ್ರವನ್ನು, ಅಂದರೆ ಒಂದು ಇಗರ್ಜಿಗೆ ಸೇರಿದ ಪ್ರದೇಶವನ್ನು, ಭಾಗ ಮಾಡಿ ಹೊಸದು ಮಾಡುತ್ತಾ ಬಂದಿದ್ದಾರೆ. ಹೊಸ ಇಗರ್ಜಿಯ ಪುಸ್ತಕ ಅದು ಶುರುವಾದ ವರ್ಷದಿಂದ ಮಾತ್ರ, ಅದಕ್ಕಿಂತ ಹಳೆಯದು ತಾಯಿ ಇಗರ್ಜಿಯಲ್ಲೇ ಉಳಿಯುತ್ತದೆ. ಹಾಗಾಗಿ ಫೋನ್‌ನಲ್ಲಿ ಕೇಳಬೇಕಾದ್ದು ಒಂದೇ: "ಫಾದರ್, ನಿಮ್ಮದು ಯಾವ ವರ್ಷ ಶುರುವಾಯಿತು, ಅದಕ್ಕೆ ಮುಂಚೆ ಈ ವಾಳೆಯವರು ಎಲ್ಲಿಗೆ ಹೋಗುತ್ತಿದ್ದರು?" ವಾಳೆ ಅಂದರೆ ಇಗರ್ಜಿಗೆ ಸೇರಿದ ಒಂದು ವಾರ್ಡ್. ಫಾದರ್‌ಗೆ ಗೊತ್ತಿಲ್ಲದಿದ್ದರೆ ವಾಳೆಯ ಮುಖಂಡರಾದ ಗುರ್ಕಾರರಿಗೆ ಗೊತ್ತಿರುತ್ತದೆ. ಹಳೆಯ ಗುರ್ಕಾರರ ಮನೆಯಲ್ಲಿ ಒಂದು ಚಹಾ ಕುಡಿದರೆ ಅರ್ಧ ಕೆಲಸ ಆದ ಹಾಗೆ.

ಆದರೆ ನಾನಾಗಿದ್ದರೆ ಘಟ್ಟದ ಮೇಲಿನಿಂದಲೇ ಶುರು ಮಾಡುತ್ತಿದ್ದೆ. ನಿಮ್ಮ ಕೈಯಲ್ಲಿರುವ ಗಟ್ಟಿ ಮಾಹಿತಿ ಅಜ್ಜನ ಜನನ ಒಂದೇ ಅಲ್ವಾ? ಚಿಕ್ಕಮಗಳೂರು ಈಗ ಬೇರೆ ಧರ್ಮಪ್ರಾಂತ್ಯ, ಅದು 1963ರಲ್ಲಿ ಆಯಿತು. 1931ರಲ್ಲಿ ಅದೆಲ್ಲ ಮೈಸೂರು ಧರ್ಮಪ್ರಾಂತ್ಯ, ಪ್ಯಾರಿಸ್ ಮಿಶನರಿಗಳ ಕೈಯಲ್ಲಿತ್ತು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಪುಸ್ತಕ ಸಾಮಾನ್ಯವಾಗಿ ಆಯಾ ಇಗರ್ಜಿಯಲ್ಲೇ ಇರುತ್ತದೆ. ತೋಟಕ್ಕೆ ಯಾವ ಊರಿನ ಫಾದರ್ ಬರುತ್ತಿದ್ದರು ಅಂತ ಪತ್ತೆ ಮಾಡಿ, ಅಲ್ಲಿ ಅಜ್ಜನ ಜ್ಞಾನಸ್ನಾನದ (ಬ್ಯಾಪ್ಟಿಸಮ್) ದಾಖಲೆ ಕೇಳಿ. ಚಿಕ್ಕ ಸರ್ಟಿಫಿಕೇಟ್ ಸಾಕಾಗುವುದಿಲ್ಲ, ಪುಸ್ತಕದಲ್ಲಿ ಇರುವ ಇಡೀ ಸಾಲು ಬೇಕು ಅಂತ ಬಾಯಿಬಿಟ್ಟು ಹೇಳಿ. ತಂದೆತಾಯಿಯ ಮೂಲ ಊರನ್ನು ಕೆಲವು ಫಾದರ್‌ಗಳು ಬರೆದಿಡುತ್ತಿದ್ದರು. ಜ್ಞಾನಪಿತ (ಗಾಡ್‌ಫಾದರ್) ಯಾರು ಅಂತಲೂ ನೋಡಿ, ಎಷ್ಟೋ ಸಲ ತಾಯಿಯ ಅಣ್ಣನೋ ತಮ್ಮನೋ ಆಗಿರುತ್ತಾನೆ.

ಊರು ಗೊತ್ತಾದ ಮೇಲೆ ಮದುವೆ ಪುಸ್ತಕಕ್ಕೆ ಓಡಬೇಡಿ. ಮುತ್ತಜ್ಜಿಯ ಜ್ಞಾನಸ್ನಾನದ ಪುಟ ತೆಗೆಸಿ. 1908ರಲ್ಲಿ ಜಾರಿಗೆ ಬಂದ ರೋಮ್‌ನ ನಿಯಮದ ಪ್ರಕಾರ, ಎಲ್ಲೇ ಮದುವೆಯಾದರೂ ಆ ಸುದ್ದಿಯನ್ನು ಜ್ಞಾನಸ್ನಾನ ಆದ ಇಗರ್ಜಿಗೆ ಕಳಿಸಬೇಕು, ಅವರು ಆ ಹೆಸರಿನ ಪಕ್ಕ ಅಂಚಿನಲ್ಲಿ ಬರೆದಿಡಬೇಕು: ಯಾರ ಜೊತೆ, ಯಾವಾಗ, ಎಲ್ಲಿ. ಮುತ್ತಜ್ಜಿ 1900ರ ಸುಮಾರಿಗೆ ಹುಟ್ಟಿದ್ದರೂ ಪರವಾಗಿಲ್ಲ, ಮದುವೆ 1908ರ ನಂತರ ಆಗಿದ್ದರೆ ಆ ಟಿಪ್ಪಣಿ ಇರಬೇಕು. ಕೆಲವರು ಮರೆಯುತ್ತಿದ್ದರು, ಅದು ಬೇರೆ ಮಾತು.

ಟಿಪ್ಪಣಿ ಇಲ್ಲದಿದ್ದರೆ ಹುಡುಗಿ ಕಡೆಯ ಇಗರ್ಜಿಯನ್ನೇ ಮೊದಲು ನೋಡಿ. 1918ರಿಂದ ಜಾರಿಯಲ್ಲಿದ್ದ ಚರ್ಚ್ ಕಾನೂನಿನಲ್ಲಿ ಮದುವೆ ವಧುವಿನ ಇಗರ್ಜಿಯ ವಿಗಾರರ (ಮುಖ್ಯ ಫಾದರ್) ಮುಂದೆ ಆಗಬೇಕು ಅಂತಲೇ ಇತ್ತು, ಸರಿಯಾದ ಕಾರಣ ಇದ್ದರೆ ಮಾತ್ರ ಬೇರೆ ಕಡೆ. ನಮ್ಮವರು ಬಸ್ತ್ಯಾಂವ್ ಬಸ್ತ್ಯಾಂವ್ ಅಂತ ಗಂಡಿನ ಮನೆತನದ ಹಿಂದೆಯೇ ಓಡಿ ವರ್ಷ ಕಳೆಯುತ್ತಾರೆ, ನಾತಾಲ್ ಎಲ್ಲಿಯವಳು ಅಂತ ಕೇಳುವುದೇ ಇಲ್ಲ! ಇನ್ನು ಈಸ್ಟರ್‌ಗೆ ಮುಂಚಿನ ಉಪವಾಸದ ಕಪ್ಪುದಿನಗಳಲ್ಲಿ, ಹಾಗೆಯೇ ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದಲ್ಲಿ ಅದ್ದೂರಿ ಮದುವೆ ಇರುತ್ತಿರಲಿಲ್ಲ. ವರ್ಷ ಗೊತ್ತಿದ್ದು ತಿಂಗಳು ಗೊತ್ತಿಲ್ಲದಿದ್ದರೆ ಜನವರಿ, ಫೆಬ್ರವರಿ ಮೊದಲು ನೋಡಿ, ಆಮೇಲೆ ಈಸ್ಟರ್ ಮುಗಿದ ನಂತರದ್ದು.

ಹೆಸರಿನಲ್ಲಿ ಎಡವಬೇಡಿ. ಪುಸ್ತಕ ಲ್ಯಾಟಿನ್‌ನಲ್ಲಿ ಇದ್ದರೆ ಬಸ್ತ್ಯಾಂವ್ ಅಲ್ಲಿ ಸೆಬಾಸ್ಟಿಯಾನುಸ್, ಜುವಾಂವ್ ಆದರೆ ಯೊಹಾನ್ನೆಸ್, ಪೆದ್ರು ಆದರೆ ಪೆತ್ರುಸ್. ಹಳೆಯ ಅನುಕ್ರಮಣಿಕೆ ಬಹಳಷ್ಟು ಕಡೆ ಮನೆತನದ ಹೆಸರಿನ ಮೇಲಲ್ಲ, ಕರೆಯುವ ಹೆಸರಿನ ಮೇಲೆ ಇರುತ್ತದೆ. ಅಂದರೆ ಊರಿನ ಎಲ್ಲ ಸೆಬಾಸ್ಟಿಯಾನುಸ್‌ಗಳನ್ನೂ ಭೇಟಿಯಾಗಿ ಬರಬೇಕು.

ಹೋಗುವುದು ಭಾನುವಾರ ಬೇಡ, ವಾರದ ಮಧ್ಯೆ ಬೆಳಗ್ಗೆ ಹೋಗಿ. ಮೊದಲೇ ಪತ್ರ, ನಿಮ್ಮ ಗುರುತಿನ ಚೀಟಿ, ವಂಶದ ಸಣ್ಣ ಪಟ್ಟಿ. ಕೇಳದೆ ಮೊಬೈಲ್ ತೆಗೆದು ಫೋಟೊ ಹೊಡೆಯಬೇಡಿ, ಅಲ್ಲಿಗೆ ಬಾಗಿಲು ಮುಚ್ಚಿತು.

ಇನ್ನೊಬ್ಬರ ಪ್ರಶ್ನೆ:

ಪುಸ್ತಕವೇ ಗೆದ್ದಲು ತಿಂದಿದ್ದರೆ? ನಮ್ಮ ಊರಲ್ಲಿ ಹಾಗೇ ಆಗಿದೆ.

ಉತ್ತರ:

1872ರ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ರೋಮನ್ ಕ್ಯಾಥೊಲಿಕ್ ಮದುವೆಗಳ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ರಿಜಿಸ್ಟ್ರಾರ್ ಜನರಲ್‌ಗೆ ಕಳಿಸಬೇಕು ಅಂತ ಇದೆ. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಆದ್ದರಿಂದ ಆ ಕಾಲದ ಸರ್ಕಾರಿ ಪ್ರತಿಯ ಜಾಡು ಚೆನ್ನೈ ಕಡೆಗೆ ಹೋಗುತ್ತದೆ, ಬೆಂಗಳೂರಿಗಲ್ಲ. ಅದು ನಿಧಾನದ ದಾರಿ. ಅದಕ್ಕಿಂತ ಮೊದಲು ಗಂಡಿನ ಇಗರ್ಜಿ ನೋಡಿ. ಮದುವೆಗೆ ಮುಂಚೆ ಯಾರದ್ದಾದರೂ ಆಕ್ಷೇಪ ಇದೆಯಾ ಅಂತ ತಿಳಿಯಲು ಎರಡೂ ಕಡೆಯ ಇಗರ್ಜಿಗಳಲ್ಲಿ ಗಂಡು ಹೆಣ್ಣಿನ ಹೆಸರು ಓದುತ್ತಿದ್ದರು, ಆ ಚೀಟಿಗಳ ಕಟ್ಟು ಅಲ್ಲಿ ಸಿಕ್ಕರೂ ಸಿಗಬಹುದು.

ಮತ್ತೊಬ್ಬರು:

ಟಿಪ್ಪು ಕಾಲಕ್ಕಿಂತ ಹಿಂದಿನದು ಸಿಗುತ್ತಾ ಸರ್? ನಮ್ಮವರು ಗೋವಾದಿಂದ ಬಂದವರು.

ಉತ್ತರ:

ಆಸೆ ಇಟ್ಟುಕೊಳ್ಳಬೇಡಿ. 1784ರಲ್ಲಿ ಕೆನರಾದ (ನಮ್ಮ ಕರಾವಳಿಯ) ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದಾಗ ಇಗರ್ಜಿಗಳನ್ನೂ ಕೆಡವಿದರು, ಬದುಕಿದ್ದವರು ವಾಪಸ್ ಬಂದದ್ದು 1799ರಲ್ಲಿ ಟಿಪ್ಪು ಸತ್ತ ಮೇಲೆ. ಪುಸ್ತಕ ಎಲ್ಲಿ ಉಳಿಯುತ್ತದೆ ಹೇಳಿ. ಗೋವಾದ ಯಾವ ಹಳ್ಳಿ ಅಂತ ಮನೆಯಲ್ಲಿ ಹೆಸರು ಉಳಿದಿದ್ದರೆ ಪಣಜಿಯ ಪುರಾಭಿಲೇಖಾಗಾರದಲ್ಲಿ ನೋಡಬಹುದು, ಹಳ್ಳಿ ಗೊತ್ತಿಲ್ಲದೆ ಹೋದರೆ ಸುಮ್ನೆ ಬಸ್ಸಿನ ದುಡ್ಡು ದಂಡ.

ಇನ್ನೊಬ್ಬರು:

ನಾವು ಗದಗ ಬೆಟಗೇರಿಯ ಬಾಸೆಲ್ ಮಿಶನ್ (ಪ್ರಾಟೆಸ್ಟಂಟ್) ಕುಟುಂಬ. ನಮಗೂ ಇದೇ ದಾರಿಯಾ?

ಉತ್ತರ:

ಅಲ್ಲ. ನಿಮ್ಮಲ್ಲಿ ಅಂಚಿನ ಟಿಪ್ಪಣಿಯ ನಿಯಮ ಇಲ್ಲ, ಸಭೆಯ ಮದುವೆ ಪುಸ್ತಕವನ್ನೇ ನೋಡಬೇಕು. ಸಭಾಪಾಲಕರನ್ನು ಕೇಳಿ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಲ್ಲೂ ಒಮ್ಮೆ ವಿಚಾರಿಸಿ. ಮಿಶನರಿಗಳ ಪತ್ರ, ವರದಿ, ಫೋಟೊಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಹಳೆಯ ಪತ್ರಗಳು ಜರ್ಮನ್‌ನಲ್ಲಿ. ದೀಕ್ಷಾಸ್ನಾನದಲ್ಲಿ ಹೆಸರು ಬದಲಾಗಿರಬಹುದು, ಎರಡೂ ಹೆಸರು ಹಿಡಿದು ಹುಡುಕಿ.

ಮೊದಲು ಕೇಳಿದವರು, ಏಳು ವಾರದ ನಂತರ:

ಸರ್, ಸಿಕ್ಕಿತು! ಅಜ್ಜನ ದಾಖಲೆಯಲ್ಲಿ ತಾಯಿಯ ಊರು ಬರೆದಿತ್ತು, ಅದು ಬೆಳ್ತಂಗಡಿ ಅಲ್ಲವೇ ಅಲ್ಲ, ಬಂಟ್ವಾಳ ಕಡೆ. ಅಲ್ಲಿ ನಾತಾಲ್ ಹೆಸರಿನ ಪಕ್ಕ ಅಂಚಿನಲ್ಲಿ ಚಿಕ್ಕದಾಗಿ ಒಂದೂವರೆ ಸಾಲು, 1927 ಫೆಬ್ರವರಿ 8, ಅದೇ ಇಗರ್ಜಿಯಲ್ಲಿ ಮದುವೆ. ಫಾದರ್ ಒಪ್ಪಿಗೆ ಕೊಟ್ಟು ಮದುವೆ ಪುಸ್ತಕದ ಫೋಟೊ ತೆಗೆಯಲು ಬಿಟ್ಟರು. ಮುತ್ತಜ್ಜಿಯ ಹೆಸರಿನ ಮುಂದೆ "ವಿದುವಾ" ಅಂತ ಏನೋ ಇದೆ, ಏನದು?

ಉತ್ತರ:

ವಿಧವೆ. ಬಸ್ತ್ಯಾಂವ್‌ಗಿಂತ ಮುಂಚೆ ಅವರಿಗೆ ಒಂದು ಮದುವೆ ಆಗಿತ್ತು. ಅದೇ ಅಂಚನ್ನು ಮತ್ತೊಮ್ಮೆ ಸರಿಯಾಗಿ ನೋಡಿ, ಮೇಲೆ ಇನ್ನೊಂದು ಸಾಲು ಇರಬೇಕು.