ಸಹಾಯ ಬೇಕು: ಭಾಷೆ ಬಾರದ ಗರ್ಭಿಣಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಯುದ್ಧಕ್ಕೆ ಹೆದರಿ ದೇಶ ಬಿಟ್ಟ ಕುಟುಂಬವೊಂದು ನಮ್ಮ ಪಕ್ಕದ ಮನೆಗೆ ಬಂದಿದೆ. ಆ ಹೆಣ್ಣುಮಗಳಿಗೆ ಈಗ ಆರು ತಿಂಗಳು. ಇದುವರೆಗೆ ಆಗಿರುವುದು ಎರಡೇ ತಪಾಸಣೆ. ಹೆರಿಗೆಗೆ ಮುಂಚೆ ಕನಿಷ್ಠ 8 ಸಲ ತೋರಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಹೇಳಿದೆ.

ಹೋದ ವಾರ ನಾನೇ ಜೊತೆಗೆ ಹೋಗಿದ್ದೆ. ದುಭಾಷಿ ಇರಲಿಲ್ಲ. ಡಾಕ್ಟರ್ ಕೇಳಿದ್ದನ್ನೆಲ್ಲ ಆಕೆಯ ಹತ್ತು ವರ್ಷದ ಮಗನೇ ಹೇಳಬೇಕಾಯಿತು. ಹಿಂದೆ ಗರ್ಭಪಾತ ಆಗಿತ್ತಾ, ಈಗ ರಕ್ತ ಹೋಗುತ್ತಿದೆಯಾ ಅಂದಾಗ ಹುಡುಗ ತಲೆ ತಗ್ಗಿಸಿ ಕೂತ. ಆಕೆ ಎಲ್ಲಕ್ಕೂ ಸುಮ್ನೆ ‘ಇಲ್ಲ’ ಅಂದಳು. ಮಗನ ಎದುರು ಇನ್ನೇನು ಹೇಳ್ತಾಳೆ, ಅಲ್ವಾ? ಗಂಡನನ್ನು ಕೂರಿಸಿದರೂ ಕಷ್ಟವೇ. ಮುಂದೆ ಮಕ್ಕಳು ಬೇಡ ಅನ್ನುವ ಮಾತು ಅವನ ಎದುರು ಬಾಯಿಗೆ ಬರುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇನ್ನೊಂದರದ್ದು. ಆಕೆಯ ರಕ್ತ ಆರ್‌ಎಚ್ ನೆಗೆಟಿವ್. ಮಗುವಿನ ರಕ್ತ ಪಾಸಿಟಿವ್ ಇದ್ದರೆ ತಾಯಿಯ ದೇಹ ಅದರ ವಿರುದ್ಧ ತಿರುಗದಂತೆ ತಡೆಯಲು 28ನೇ ವಾರದ ಹೊತ್ತಿಗೆ ಆಂಟಿ-ಡಿ ಅನ್ನುವ ಇಂಜೆಕ್ಷನ್ ಕೊಡುತ್ತಾರೆ. ಹುಟ್ಟಿದ ಮಗುವಿನ ರಕ್ತ ಪಾಸಿಟಿವ್ ಆದರೆ ಹೆರಿಗೆಯಾದ 72 ಗಂಟೆಯೊಳಗೆ ಮತ್ತೊಂದು. ಇದನ್ನು ಕೈಸನ್ನೆಯಲ್ಲಿ ಹೇಗೆ ಹೇಳಲಿ? ಹಳೆಯ ಚೀಟಿಗಳೆಲ್ಲ ದಾರಿಯಲ್ಲೇ ಕಳೆದಿವೆ. ಗುರುತಿನ ಕಾಗದ ಕೇಳುತ್ತಾರೆ ಅಂತ ಹೆದರಿ ಆಕೆ ಮತ್ತೆ ಬರಲು ಒಪ್ಪುತ್ತಿಲ್ಲ.

ಫೋನಿನಲ್ಲೇ ಅನುವಾದ ಮಾಡುವ ಹೆಂಗಸರ ನೆರವು ಪಡೆದವರು ಇದ್ದೀರಾ? ಅನುವಾದದ ಆ್ಯಪ್ ನಂಬಲು ನನಗಂತೂ ಧೈರ್ಯವಿಲ್ಲ. ಕಾಗದಪತ್ರ ಇಲ್ಲದವರನ್ನು ಹೆರಿಗೆಗೆ ಸೇರಿಸಿದ ಅನುಭವವಿರುವ ನರ್ಸ್‌ಗಳು ಇದ್ದರೆ ದಯವಿಟ್ಟು ಬರೆಯಿರಿ. ಮುಂದಿನ ತಪಾಸಣೆ ಗುರುವಾರ.