ಯಾಂಕಿ ಡೂಡಲ್ ಡ್ಯಾಂಡಿ: ಕತೆ ಸಪ್ಪೆ, ಆದರೂ ಕ್ಯಾಗ್ನಿ ಗೆದ್ದದ್ದು ಹೇಗೆ?

ಪ್ರಶ್ನೆ:
1942ರ ಈ ಚಿತ್ರವನ್ನು ನಮ್ಮ ಚಿತ್ರ ಸಮಾಜದಲ್ಲಿ ತೋರಿಸಬೇಕೆಂದಿದೆ. ಬ್ರಾಡ್‌ವೇ (ನ್ಯೂಯಾರ್ಕಿನ ರಂಗಭೂಮಿ) ಕಲಾವಿದ ಜಾರ್ಜ್ ಎಂ. ಕೊಹಾನ್ ಅವರ ಜೀವನಕತೆ. ಆದರೆ ನಾಯಕನಲ್ಲಿ ಹೇಳಿಕೊಳ್ಳುವಂಥ ದೋಷವಿಲ್ಲ, ಮನೆಯಲ್ಲಿ ಮನಸ್ತಾಪವಿಲ್ಲ. ಅಮೆರಿಕದ ಅಧ್ಯಕ್ಷರ ಮುಂದೆ ಕೂತು ತನ್ನ ಕತೆಯನ್ನು ತಾನೇ ಹೇಳಿಕೊಳ್ಳುತ್ತಾನೆ. ಹಾಗಿದ್ದೂ ಕೊಹಾನ್ ಪಾತ್ರದಲ್ಲಿ ಜೇಮ್ಸ್ ಕ್ಯಾಗ್ನಿ ಬಂದರೆ ಕಣ್ಣು ಬೇರೆಡೆ ಹೋಗುವುದಿಲ್ಲ. ಅವರು ಮಾಡುವುದಾದರೂ ಏನು? ಕತೆಯಲ್ಲಿ ನಿಜ ಎಷ್ಟು?

ಉತ್ತರ 1:
ಮುಖ ಬಿಟ್ಟು ಕಾಲು ನೋಡಿ ಸರ್. ಚಿತ್ರದೊಳಗೆ ಬರುವ ಕೊಹಾನ್ ಅವರ ‘ಲಿಟಲ್ ಜಾನಿ ಜೋನ್ಸ್’ ನಾಟಕದ ಭಾಗದಲ್ಲಿ ಮಂಡಿ ಬಗ್ಗುವುದೇ ಅಪರೂಪ. ಕಾಲು ಸೆಟೆದು, ಮೈ ಮುಂದಕ್ಕೆ ವಾಲಿಸಿ ರಂಗದ ಉದ್ದಕ್ಕೂ ಬೀಗುತ್ತಾ ಓಡುತ್ತಾರೆ, ರಂಗದ ಪಕ್ಕದ ಗೋಡೆಗೇ ಕಾಲು ಕೊಟ್ಟು ಹಿಂದಕ್ಕೆ ಚಿಮ್ಮುತ್ತಾರೆ. ಇದು ಕೊಹಾನ್ ಶೈಲಿ. ಕೊಹಾನ್ ಜೊತೆ ಕೆಲಸ ಮಾಡಿದ್ದ ಜಾನಿ ಬಾಯ್ಲ್ ಅದನ್ನು ಕಲಿಸಿಕೊಟ್ಟರು. ಕ್ಯಾಗ್ನಿಗೂ ನೃತ್ಯ ಹೊಸದಲ್ಲ. ಗ್ಯಾಂಗ್‌ಸ್ಟರ್ ಪಾತ್ರಗಳಿಂದ ಹೆಸರಾಗುವ ಮೊದಲು ಅವರು ವಾಡೆವಿಲ್ (ಹಾಡು, ಕುಣಿತ, ಹಾಸ್ಯ ಬೆರೆತ ಪ್ರದರ್ಶನ) ರಂಗದಲ್ಲಿ ಕುಣಿಯುತ್ತಿದ್ದವರು.

ಹಾಡಿನಲ್ಲೂ ಅಷ್ಟೇ. ರಾಗ ಎಳೆಯುವ ಗೋಜಿಗೇ ಹೋಗದೆ ತಾಳಕ್ಕೆ ಕೂರುವಂತೆ ಮಾತಾಡುತ್ತಾರೆ, ಅದೂ ಕೊಹಾನ್ ರೀತಿಯೇ. ಚಿತ್ರಕತೆ ಮುಚ್ಚಿಟ್ಟ ಮನುಷ್ಯನ ಹಮ್ಮು, ಅವಸರ, ಹಟ ಎಲ್ಲ ಆ ನಡಿಗೆಯಲ್ಲಿ ಕಾಣುತ್ತವೆ. ಕ್ಯಾಗ್ನಿಗೆ ಬಂದ ಏಕೈಕ ಆಸ್ಕರ್ ಇದಕ್ಕೇ.

ಉತ್ತರ 2:
ನಿಜದ ಲೆಕ್ಕ ಕೇಳಿದಿರಲ್ಲ. ಮೊದಲ ಹೆಂಡತಿ ಎಥೆಲ್ ಲೆವಿ ಅವರನ್ನು ಪೂರ್ತಿ ಅಳಿಸಿಹಾಕಿದ್ದಾರೆ. ಮದುವೆಯಾಗಿ 1907ರಲ್ಲಿ ವಿಚ್ಛೇದನವಾಗಿತ್ತು. ಚಿತ್ರದಲ್ಲಿ ಮೇರಿ ಎಂಬ ಒಬ್ಬಳೇ ಹೆಂಡತಿ. 1919ರ ನಟರ ಮುಷ್ಕರದಲ್ಲಿ ಕೊಹಾನ್ ನಿರ್ಮಾಪಕರ ಪರ ನಿಂತು ಎಷ್ಟೋ ಗೆಳೆಯರನ್ನು ಕಳೆದುಕೊಂಡರು. ನಾಟಕವಾಗಬಲ್ಲ ಅಧ್ಯಾಯವೆಂದರೆ ಅದೇ, ಅದರ ಸುಳಿವೇ ಇಲ್ಲ. ಚಿತ್ರದಲ್ಲಿ ಅಧ್ಯಕ್ಷರು ಕೊಡುವ ಪದಕದ ಹೆಸರೂ ತಪ್ಪು: ಕೊಹಾನ್‌ಗೆ ಸಂದದ್ದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಚಿನ್ನದ ಪದಕ, ಯೋಧರಿಗೆ ಕೊಡುವ ಮೆಡಲ್ ಆಫ್ ಆನರ್ ಅಲ್ಲ.

ಇದಕ್ಕೆ ಮುಖ್ಯ ಕಾರಣ, ಚಿತ್ರಕತೆಗೆ ಒಪ್ಪಿಗೆ ಕೊಡುವ ಅಧಿಕಾರ ಕೊಹಾನ್ ಕೈಯಲ್ಲೇ ಇತ್ತು, ಖಾಸಗಿ ಬದುಕು ತೆರೆಗೆ ಬರುವುದು ಅವರಿಗೆ ಬೇಕಿರಲಿಲ್ಲ. ಜೊತೆಗೆ ಅಮೆರಿಕ ಯುದ್ಧಕ್ಕಿಳಿದ ಹೊತ್ತು, ಸ್ಟುಡಿಯೋಗೂ ದೇಶಭಕ್ತಿಯೇ ಬೇಕಿತ್ತು.

ಉತ್ತರ 3:
ತೋರಿಸುವವರು ಗಮನಿಸಬೇಕಾದದ್ದು: ಚಿತ್ರದ ಚೌಕಟ್ಟು (ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತ) 1.37:1. ಈಗಿನ 16:9 ಅಗಲ ಪರದೆ ತುಂಬಲೆಂದು ಜೂಮ್ ಮಾಡಿದರೆ ಎತ್ತರದಲ್ಲಿ ಸುಮಾರು 23% ಕತ್ತರಿಸಿ ಹೋಗುತ್ತದೆ, ಹೋಗುವುದು ಪಾದಗಳೇ. ಎರಡು ಪಕ್ಕ ಕಪ್ಪು ಪಟ್ಟಿ ಇರಲಿ ಬಿಡಿ. ಚಲನೆಯನ್ನು ಕೃತಕವಾಗಿ ನಯಗೊಳಿಸುವ ಟಿವಿಯ ಮೋಷನ್ ಸ್ಮೂದಿಂಗ್ ಆಫ್ ಮಾಡಿ. 80ರ ದಶಕದಲ್ಲಿ ಕಂಪ್ಯೂಟರಿನಿಂದ ಬಣ್ಣ ತುಂಬಿದ ಪ್ರತಿ ಬೇಡ. ಛಾಯಾಗ್ರಾಹಕ ಜೇಮ್ಸ್ ವಾಂಗ್ ಹೋವ್ ಅವರ ನೆರಳು ಬೆಳಕು ಅದರಲ್ಲಿ ಸತ್ತುಹೋಗುತ್ತದೆ. ಬಿಳಿಯರು ಕಪ್ಪು ಜನರಂತೆ ಕಾಣಲು ಮುಖಕ್ಕೆ ಕಪ್ಪು ಬಳಿದುಕೊಳ್ಳುವ, ಇಂದು ಅವಮಾನಕರವೆನಿಸುವ ಒಂದು ಚಿಕ್ಕ ಭಾಗ ಇದೆ, ಪ್ರದರ್ಶನಕ್ಕೆ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು:
ಧನ್ಯವಾದ. 126 ನಿಮಿಷಕ್ಕೆ ಸಮಯ ಸಿಗದಿದ್ದರೆ ಯಾವುದನ್ನು ಉಳಿಸಿಕೊಳ್ಳಲಿ?

ಉತ್ತರ 1:
‘ಲಿಟಲ್ ಜಾನಿ ಜೋನ್ಸ್’ ಭಾಗ ಇಡಿಯಾಗಿ ಇರಲಿ. ಆಮೇಲೆ ಕೊಹಾನ್ ತಂದೆ ಸಾಯುವ ದೃಶ್ಯ: ‘ನಿಮಗೆ ಅಮ್ಮನ ಧನ್ಯವಾದ, ಅಪ್ಪನ ಧನ್ಯವಾದ’ ಎಂದು ಪ್ರತಿ ಪ್ರದರ್ಶನದ ಕೊನೆಗೆ ಹೇಳುತ್ತಿದ್ದ ಮಾತನ್ನೇ ಹಾಸಿಗೆಯ ಪಕ್ಕ ಹೇಳಲು ಹೋಗಿ ಮುರಿದುಬೀಳುತ್ತಾರೆ. ಕೊನೆಗೆ ಶ್ವೇತಭವನದ ಮೆಟ್ಟಿಲು. ವಯಸ್ಸಾದ ಮನುಷ್ಯ ನಿಧಾನ ಇಳಿಯುತ್ತಾ ನಡುವೆಯೇ ಟ್ಯಾಪ್ (ಬೂಟಿನಿಂದ ನೆಲ ತಟ್ಟಿ ತಾಳ ಹಾಕುವ ಕುಣಿತ) ಶುರುಮಾಡುತ್ತಾನೆ; ಅದು ಕ್ಯಾಗ್ನಿ ತಾವೇ ಸೇರಿಸಿದ್ದು. ಮೆಟ್ಟಿಲಷ್ಟನ್ನೇ ಕತ್ತರಿಸಿ ತೋರಿಸಬೇಡಿ, ಅಧ್ಯಕ್ಷರ ಕೋಣೆಯಿಂದಲೇ ಶುರುಮಾಡಿ. ಅಲ್ಲಿಯ ಮಂದ ನಡಿಗೆ ನೋಡದಿದ್ದರೆ ಆ ಟ್ಯಾಪ್ ಬರೀ ಕಸರತ್ತಾಗಿ ಕಾಣುತ್ತದೆ.